ಮಂಡಿ ಕೆಳಗಿನ ಕೃತಕ ಕಾಲು: ಜೈಪುರ ಕಾಲೋ, ಕಾರ್ಬನ್ ಫೈಬರ್ ಪಾದವೋ?

ಗದ್ದೆ, ಅಡುಗೆಮನೆ, ದೇವಸ್ಥಾನ ಅಂತ ಬರಿಗಾಲಲ್ಲೇ ಜಾಸ್ತಿ ಓಡಾಡುವವರಾದರೆ ಜೈಪುರ ಕಾಲನ್ನೇ ಮೊದಲು ನೋಡಿ. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಡಾ. ಪಿ.ಕೆ. ಸೇಠಿ ರೂಪಿಸಿದ ಈ ರಬ್ಬರ್ ಪಾದ ಅಕ್ಕಪಕ್ಕಕ್ಕೂ ಬಾಗುತ್ತದೆ. ಕುಕ್ಕರಗಾಲಲ್ಲಿ ಕೂರಬಹುದು, ಕೆಸರಿಗಿಳಿಯಬಹುದು. ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಉಚಿತವಾಗಿಯೇ ಕೊಡುತ್ತದೆ.

ಕಾರ್ಬನ್ ಪಾದ ಹೆಜ್ಜೆ ಊರಿದಾಗ ಬಾಗಿ, ಎತ್ತುವಾಗ ಮುಂದಕ್ಕೆ ತಳ್ಳುತ್ತದೆ. ಶೂ ಹಾಕಿ ಜೋರಾಗಿ ನಡೆಯುವವರಿಗೆ ಒಳ್ಳೆಯದು. ಬೆಲೆ ಮಾತ್ರ ಜಾಸ್ತಿ.

ನನ್ನ ಪ್ರಕಾರ ಪಾದಕ್ಕಿಂತ ಸಾಕೆಟ್, ಅಂದರೆ ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗ ಕೂರುವ ಗೂಡು, ಮುಖ್ಯ. ಮೊದಲ ತಿಂಗಳುಗಳಲ್ಲಿ ಆ ಭಾಗದ ಊತ ಇಳಿದು ಸಾಕೆಟ್ ಸಡಿಲವಾಗುತ್ತದೆ. ಅದರ ಮೇಲೆ ಇನ್ನೊಂದು ಕಾಲುಚೀಲ ಹಾಕಿದರೂ ಒಳಗೆ ಜಾರುತ್ತಿದ್ದರೆ ಸಾಕೆಟ್ ಸರಿಮಾಡಿಸಲೇಬೇಕು. ಸಂಜೆ ಕೃತಕ ಕಾಲು ಬಿಚ್ಚಿದಾಗ ಚರ್ಮ ನೋಡಿಕೊಳ್ಳಿ; ಅರ್ಧ ಗಂಟೆಯಾದರೂ ಕೆಂಪು ಹೋಗದಿದ್ದರೆ ತಜ್ಞರಿಗೆ ತೋರಿಸಿ. ದುಬಾರಿ ಪಾದಕ್ಕೆ ಸಾಲ ಮಾಡುವ ಮುಂಚೆ, ಹತ್ತಿರದಲ್ಲೇ ಸಾಕೆಟ್ ರಿಪೇರಿ ಮಾಡುವವರು ಇದ್ದಾರಾ ಅಂತ ವಿಚಾರಿಸಿ.