ತಾರಸಿ ಸೋರುತ್ತಿದ್ದರೆ ಸಿಲಿಕಾನ್ ಹಚ್ಚಿಸುವ ಮೊದಲು ಇದನ್ನು ಓದಿ

ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ಅಮ್ಮನ ಮನೆಯ ಹಾಲ್‌ನಲ್ಲಿ, ಫ್ಯಾನ್ ಪಕ್ಕ ನೀರು ಜಿನುಗುತ್ತಿತ್ತು. ವಾಟರ್‌ಪ್ರೂಫಿಂಗ್ ಮಾಡುವವರೊಬ್ಬರು ಬಂದರು. ಹಿಂದಿನ ರಾತ್ರಿ ಮಳೆ ಸುರಿದು ತಾರಸಿಯ ಮೂಲೆಗಳು ಇನ್ನೂ ಕಪ್ಪಗೇ ಇದ್ದವು.

"ಇನ್ನೂ ಹಸಿ ಇದೆಯಲ್ಲಪ್ಪಾ" ಅಂದರು ಅಮ್ಮ.

"ಏನೂ ಆಗಲ್ಲ ಅಮ್ಮಾ, ಬಿಸಿಲು ಬಂದಿದೆಯಲ್ಲ. ಹತ್ತು ವರ್ಷ ಗ್ಯಾರಂಟಿ."

ಅವತ್ತೇ ಬಿಳಿ ಕೋಟಿಂಗ್ ಬಳಿದು, ಸೋಲಾರ್ ಸ್ಟ್ಯಾಂಡಿನ ಬೋಲ್ಟ್‌ಗಳ ಸುತ್ತ ಸಿಲಿಕಾನ್ (ಸಂದು ಮುಚ್ಚುವ ರಬ್ಬರಿನಂಥ ಪೇಸ್ಟ್) ಹಚ್ಚಿ, ದುಡ್ಡು ಎಣಿಸಿಕೊಂಡು ಹೋದರು.

ಅಕ್ಟೋಬರ್ ಮಳೆಗೆ ಎಲ್ಲ ಬಯಲಾಯಿತು. ಕೋಟಿಂಗ್ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಒಂದನ್ನು ಒತ್ತಿದರೆ ಒಳಗಿಂದ ನೀರು ಬಂತು. ಕೆಳಗೆ ಮೊದಲಿಗಿಂತ ಜಾಸ್ತಿ ಸೋರಿಕೆ, ಅದೂ ಫ್ಯಾನ್ ವೈರಿನ ಪೈಪಿನಿಂದಲೇ. ನಿಮ್ಮಲ್ಲೂ ಹೀಗಾದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಉಳಿದದ್ದು ಆಮೇಲೆ. ಗ್ಯಾರಂಟಿ ಕೊಟ್ಟವರು ಫೋನ್ ಎತ್ತಲೇ ಇಲ್ಲ.

ಕೊನೆಗೆ ಹಳೆಯ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಮೊಳೆಯಿಂದ ಬೋಲ್ಟಿನ ಸುತ್ತಲಿನ ಸಿಲಿಕಾನ್ ಮೀಟಿದರು. ಬಳೆ ಕಳಚಿದ ಹಾಗೆ ಇಡಿಯಾಗಿ ಕೈಗೆ ಬಂತು. ಅದರ ಅಡಿಗೆ ಬರೀ ಧೂಳು ಮೆತ್ತಿತ್ತು, ತೂತಿನೊಳಗೆ ತುಕ್ಕುನೀರು. ಧೂಳು, ಹಸಿ ಇರುವ ಸಿಮೆಂಟಿಗೆ ಸಿಲಿಕಾನ್ ಕಚ್ಚುವುದಿಲ್ಲ. ಸಾಲದ್ದಕ್ಕೆ ಅದರ ಮೇಲೆ ಬೇರೆ ಕೋಟಿಂಗೂ ನಿಲ್ಲುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು.

ಇನ್ನೊಂದು ವಿಷಯ. ನೀರು ತೊಟ್ಟಿಕ್ಕುತ್ತಿದ್ದದ್ದು ಹಾಲ್‌ನಲ್ಲಿ, ಒಳಗೆ ಇಳಿಯುತ್ತಿದ್ದದ್ದು ಅಡುಗೆಮನೆ ಮೇಲಿನ ಬೋಲ್ಟಿನಿಂದ! ಗಾರೆಯ ಅಡಿಯಲ್ಲೇ ಹರಿದು, ಬಿರುಕೋ ವೈರಿನ ಪೈಪೋ ಸಿಕ್ಕ ಕಡೆ ಇಳಿಯುತ್ತದೆ. ಮೇಸ್ತ್ರಿ ಮಳೆ ಬಿಡುವು ಕೊಟ್ಟಾಗ ಸ್ಟ್ಯಾಂಡಿನ ಒಂದೊಂದು ಕಾಲಿಗೂ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಸರದಿಯಲ್ಲಿ ನೀರು ನಿಲ್ಲಿಸಿ ಇದನ್ನು ಪತ್ತೆ ಮಾಡಿದರು. ಸೋರುವ ಜಾಗ ಹುಡುಕದೆ ನೇರವಾಗಿ ಚದರಡಿ ಲೆಕ್ಕ ಹಾಕುವವರಿಗೆ ದಯವಿಟ್ಟು ಕೆಲಸ ಕೊಡಬೇಡಿ.

ಬೋಲ್ಟ್ ಕಿತ್ತು, ತೂತು ಕ್ಲೀನ್ ಮಾಡಿ ಗ್ರೌಟ್ (ತೂತು ತುಂಬುವ ತೆಳು ಗಾರೆ) ತುಂಬಿಸಿದೆವು. ಸ್ಟ್ಯಾಂಡನ್ನು ಈಗ ತಾರಸಿ ಕೊರೆಯದೆ ಕಾಂಕ್ರೀಟ್ ಕಟ್ಟೆಗಳ ಮೇಲೆ ಕೂರಿಸಿದ್ದಾರೆ. ಕೋಟಿಂಗ್ ಬೇಸಿಗೆಯಲ್ಲಿ ಮಾಡಿಸಿದೆವು.

ಹಸಿ ಇದೆಯೋ ಇಲ್ಲವೋ ನೀವೇ ನೋಡಬಹುದು. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಶೀಟನ್ನು ತಾರಸಿ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ 16 ಗಂಟೆ ಬಿಡಿ. ಎತ್ತಿದಾಗ ಅಡಿಯಲ್ಲಿ ನೀರ ಹನಿ ಕಂಡರೆ, ಇಲ್ಲವೇ ಸಿಮೆಂಟ್ ಕಪ್ಪಾಗಿದ್ದರೆ ಬ್ರಷ್ ಮುಟ್ಟಿಸಲು ಬಿಡಬೇಡಿ. ಕೆಲಸ ಮುಗಿದು ಕೋಟಿಂಗ್ ಪೂರ್ತಿ ಒಣಗಿದ ಮೇಲೆ, ಮಳೆನೀರಿನ ಪೈಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ನೋಡಿ. ಬಾಕಿ ದುಡ್ಡು ಆಮೇಲೆಯೇ ಕೊಡಿ.