ನೆರಳಿನ ಜಾಗಕ್ಕೆ ಒಂದೆಲಗವೋ, ದೊಡ್ಡಪತ್ರೆಯೋ?

ಚಿಕ್ಕಬಳ್ಳಾಪುರದ ನಮ್ಮ ಮನೆ ಸುತ್ತ ಎರಡು ಥರದ ನೆರಳಿದೆ. ಉತ್ತರದ ಗೋಡೆಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ ನಲ್ಲಿ ಇರುವುದರಿಂದ ಸದಾ ತೇವ. ಹೊಂಗೆ ಮರದ ಬುಡದಲ್ಲಿ ನೆರಳಿದ್ದರೂ ಮಣ್ಣು ಒಣ. ಬಿದ್ದ ನೀರನ್ನೆಲ್ಲ ಮರದ ಬೇರೇ ಎಳೆದುಕೊಳ್ಳುತ್ತದೆ. ನರ್ಸರಿಯವರಿಗೆ ಎರಡೂ ಬರೀ 'ನೆರಳು'. ಅದಕ್ಕೇ ಎರಡೂ ಕಡೆ ನೆಟ್ಟು ನೋಡಿದೆ.

ತೇವದ ಸಂದಿಯಲ್ಲಿ ಒಂದೆಲಗಕ್ಕೆ ಸಾಟಿಯಿಲ್ಲ. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ನೆಲ ಮುಚ್ಚಿಬಿಡುತ್ತದೆ. ನೆರಳಲ್ಲಿ ಬಂದ ಎಲೆ ಅಗಲ, ಎಳಸು, ಚಟ್ನಿಗೆ ಹೇಳಿ ಮಾಡಿಸಿದಂತೆ. ಅಲ್ಲೇ ಪಕ್ಕದಲ್ಲಿದ್ದ ದೊಡ್ಡಪತ್ರೆ ಬೆಳಕು ಹುಡುಕಿ ಉದ್ದುದ್ದ ಬೆಳೆದು ಬಾಗಿತು, ಮಳೆಗಾಲದಲ್ಲಿ ಬುಡ ಕೊಳೆಯಿತು. ಅದರದೇ ದಂಟು ಮುರಿದು ಹೊಂಗೆ ನೆರಳಿನ ಅಂಚಿಗೆ, ಬೆಳಗಿನ ಬಿಸಿಲು ತಾಗುವ ಕಡೆ ಊರಿದೆ. ಈಗ ಬಜ್ಜಿಗೆ ಕಿತ್ತಷ್ಟೂ ದಪ್ಪ ಎಲೆ ಬರುತ್ತಿದೆ.

ಒಂದು ಮಾತು ಮಾತ್ರ ನೆನಪಿರಲಿ: ಉತ್ತರದ ಗೋಡೆಯ ನೆರಳು ವರ್ಷಪೂರ್ತಿ ಸಿಗುವುದಿಲ್ಲ. ನಮ್ಮೂರು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಮೇ ತಿಂಗಳಲ್ಲಿ ಒಂದೆಲಗಕ್ಕೆ ಎರಡು ಹೊತ್ತು ನೀರು ಬೇಕು, ಇಲ್ಲವೇ ಹಸಿರು ನೆಟ್ ಕಟ್ಟಬೇಕು.

ವರಾಂಡದ ಕುಂಡಗಳಲ್ಲಿ ಪೈಪೋಟಿ ಸ್ಪೈಡರ್ ಪ್ಲಾಂಟಿಗೂ ಸ್ನೇಕ್ ಪ್ಲಾಂಟಿಗೂ. ಇಲ್ಲಿ ತೀರ್ಪು ಕೊಟ್ಟಿದ್ದು ನೆರಳಲ್ಲ, ನೀರು. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು, ಸ್ಪೈಡರ್ ಪ್ಲಾಂಟಿಗೆ ಅದು ಆಗಿಬರುವುದಿಲ್ಲ. ಎಲೆಯ ತುದಿ ಕಂದಾಗಿ ಗರಿಗರಿ ಒಣಗುತ್ತದೆ, ಒಣಗಿದ್ದಕ್ಕೂ ಹಸಿರಿಗೂ ನಡುವೆ ತೆಳ್ಳನೆಯ ಹಳದಿ ಗೆರೆ. ತಾರಸಿಯ ಮಳೆನೀರು ಹಿಡಿದು ಹಾಕತೊಡಗಿದ ಮೇಲೆ ಹೊಸ ಎಲೆಗಳು ಚೊಕ್ಕವಾಗಿ ಬಂದವು. ಹಳೆಯ ತುದಿಗಳು ಮತ್ತೆ ಹಸಿರಾಗಲಿಲ್ಲ. ಸ್ನೇಕ್ ಪ್ಲಾಂಟ್ ಅದೇ ಬೋರ್ ನೀರು ಕುಡಿದು ಜಗ್ಗದೆ ನಿಂತಿದೆ. ಮಳೆನೀರು ಕೂಡಿಡಲು ತೊಟ್ಟಿಯಿಲ್ಲದವರು ಕಣ್ಣುಮುಚ್ಚಿ ಇದನ್ನೇ ತರಲಿ. ಹೊಂಗೆಯ ಬುಡಕ್ಕೂ ನನ್ನ ಆಯ್ಕೆ ಇದೇ, ನೀರು ಮರೆತರೂ ಮುನಿಯುವುದಿಲ್ಲ. ಆದರೆ ಅದರ ಎಲೆ ತಿಂದರೆ ವಾಂತಿ-ಭೇದಿ ಆಗಬಹುದು, ಚಿಕ್ಕ ಮಕ್ಕಳು, ನಾಯಿ-ಬೆಕ್ಕು ಬಾಯಿ ಹಾಕದ ಕಡೆ ಇಡಿ.

ಹೂವು ಬೇಕೇ ಬೇಕು ಅನ್ನುವವರಿಗೆ ಕನಕಾಂಬರ. ಅರೆ ನೆರಳಲ್ಲಿ ದಂಡೆಗೆ ಸಾಕಾಗುವಷ್ಟು ಬಿಡುತ್ತದೆ. ದಟ್ಟ ನೆರಳಿಗೆ ಹಾಕಿದರೆ ಬರೀ ಎಲೆ.