ರೆಫರಿಗಳು ಹೇಗಿದ್ದರು ಅಂದರೆ, ಫ್ರೀ ಥ್ರೋ ನೋಡಿ ಹೇಳುತ್ತೇನೆ

ಮೈಸೂರಿನ ನಮ್ಮ ಬಡಾವಣೆಯಲ್ಲಿ ಪ್ರತಿ ಡಿಸೆಂಬರ್‌ಗೆ ಎರಡು ದಿನದ ಬಾಸ್ಕೆಟ್‌ಬಾಲ್ ಟೂರ್ನಿ ಮಾಡುತ್ತೇವೆ. ಎಂಟು ಟೀಮು, ಒಂದೇ ಕೋರ್ಟು, ಒಂದು ಶಾಮಿಯಾನ. ಸ್ಕೋರ್ ಟೇಬಲ್ ನನ್ನದು. ಕಾಲೇಜಿನಲ್ಲಿ ಆಡಿದವಳು, ಈಗ ಮಂಡಿ ನೋವು, ಹಾಗಾಗಿ ಪೆನ್ನು ಹಿಡಿದು ಕೂರುತ್ತೇನೆ. ಈ ಸಲ ಟೂರ್ನಿಗಳಿಗೆ ರೆಫರಿಗಳನ್ನು ಕಳಿಸಿಕೊಡುವ ಒಬ್ಬರಿಗೆ ಹೇಳಿ ಇಬ್ಬರನ್ನು ಕರೆಸಿದೆವು. ಒಬ್ಬೊಬ್ಬರಿಗೆ ದಿನಕ್ಕೆ 1,500 ರೂಪಾಯಿ, ಬಸ್ ಚಾರ್ಜು, ಮಧ್ಯಾಹ್ನದ ಊಟ.

ಹೋದ ವರ್ಷ ಬೇರೆ ಕಡೆಯಿಂದ ಕರೆಸಿದ್ದೆವು. ಸೆಮಿಫೈನಲ್‌ನಲ್ಲಿ ನಮ್ಮ ಹುಡುಗರು ಒಂದು ಪಾಯಿಂಟ್ ಹಿಂದೆ, ಕೊನೆಯ ಫ್ರೀ ಥ್ರೋ, ಅಂದರೆ ಎದುರು ಟೀಮಿನ ಫೌಲಿಗೆ ಸಿಗುವ, ಗೆರೆಯ ಹಿಂದೆ ನಿಂತು ಯಾರ ಅಡ್ಡಿಯೂ ಇಲ್ಲದೆ ಹೊಡೆಯುವ ಹೊಡೆತ. ಚೆಂಡು ಕೈ ಬಿಡುವ ಮೊದಲೇ ಎದುರು ಟೀಮಿನವನೊಬ್ಬ ಲೇನ್ ಒಳಗೆ, ಅಂದರೆ ಬಾಸ್ಕೆಟ್ ಮುಂದೆ ಗೆರೆ ಹಾಕಿದ ಆಯತದೊಳಗೆ ನುಗ್ಗಿದ. ಚೆಂಡು ರಿಂಗಿಗೆ ಬಡಿದು ಹೊರಗೆ ಬಂತು. ಅವನೇ ರಿಬೌಂಡ್ ಹಿಡಿದ. ರೂಲ್ ಪ್ರಕಾರ ನಮ್ಮವನು ಇನ್ನೊಮ್ಮೆ ಹೊಡೆಯಬೇಕಿತ್ತು. ಸೀಟಿಯೇ ಇಲ್ಲ! ರೆಫರಿ ಸಾಹೇಬರು ನಮ್ಮೆಲ್ಲರ ಹಾಗೆ ಚೆಂಡನ್ನೇ ನೋಡುತ್ತಾ ನಿಂತಿದ್ದರು. ಓಟದ ಮಧ್ಯೆ ಒಂದು ಫೌಲ್ ಕಣ್ತಪ್ಪಿದರೆ ಪರವಾಗಿಲ್ಲ, ಅವರೂ ಮನುಷ್ಯರೇ ಅಲ್ವಾ. ಎಲ್ಲರೂ ನಿಂತಲ್ಲೇ ನಿಂತಿರುವಾಗ ಕಾಣಲಿಲ್ಲ ಅಂದರೆ ಹೇಗೆ? ಅವತ್ತಿನಿಂದ ನಾನು ರೆಫರಿಯನ್ನು ಅಳೆಯುವುದು ಫ್ರೀ ಥ್ರೋನಲ್ಲೇ.

ಈ ಸಲ ಬಂದವರಲ್ಲಿ ಒಬ್ಬರಿಗೆ ಅರವತ್ತರ ಹತ್ತಿರ, ಇನ್ನೊಬ್ಬ ಇಪ್ಪತ್ತೈದರ ಹುಡುಗ. ಮೊದಲ ದಿನ 25 ನಿಮಿಷ ತಡ. ನನಗೆ ಸಿಟ್ಟು ಬಂದಿತ್ತು. ಹಿರಿಯರು ಚೀಲ ಕೆಳಗಿಟ್ಟವರೇ, "ಅಳೆಯೋ ಟೇಪ್ ಇದೆಯಾ ಮೇಡಂ?" ಅಂದರು. ಉದ್ದದ ಹುಡುಗನೊಬ್ಬನನ್ನು ಊಟದ ಟೇಬಲ್ ಮೇಲೆ ಹತ್ತಿಸಿ, ಬಾಸ್ಕೆಟ್ ಹಿಂದಿನ ಬೋರ್ಡಿನ ಕೆಳ ಅಂಚಿನಿಂದ ದಾರ ಇಳಿಬಿಡಿಸಿದರು. ದಾರದ ತುದಿಗೆ ನನ್ನ ಸ್ಕೂಟರ್ ಕೀ. ಕೀ ನೆಲಕ್ಕೆ ತಾಗಿದ ಜಾಗದಿಂದ ಫ್ರೀ ಥ್ರೋ ಗೆರೆಯ ಹೊರ ಅಂಚಿಗೆ 4.60 ಮೀಟರ್ ಇರಬೇಕು. ನಮ್ಮದು ಅರ್ಧ ಗೇಣು ಕಡಿಮೆ! ಇಷ್ಟು ವರ್ಷ ಅದೇ ಗೆರೆಯಲ್ಲಿ ಹೊಡೆದು ನಮ್ಮ ಹುಡುಗರು ಮೀಸೆ ತಿರುವಿದ್ದರು. ಬಿಳಿ ಟೇಪ್ ಅಂಟಿಸಿ ಹೊಸ ಗೆರೆ ಮಾಡಿದೆವು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಇನ್ನು ಕೆಲಸ. ಫ್ರೀ ಥ್ರೋ ಹೊಡೆಯುವಾಗ ಲೇನ್ ಪಕ್ಕ ಬೋರ್ಡಿಗೆ ಹತ್ತಿರದ ಜಾಗ ಎರಡೂ ಕಡೆ ಡಿಫೆನ್ಸಿನವರದು, ಅಂದರೆ ಎದುರು ಟೀಮಿನದು. ಅವರ ಪಕ್ಕ ಹೊಡೆಯುವ ಟೀಮಿನ ಒಬ್ಬೊಬ್ಬ. ಮೂರನೇ ಜಾಗದಲ್ಲಿ ಡಿಫೆನ್ಸಿನ ಇನ್ನೊಬ್ಬ. ಒಟ್ಟು ಐದೇ ಜನ. ಉಳಿದವರೆಲ್ಲ ಫ್ರೀ ಥ್ರೋ ಗೆರೆಯ ನೇರಕ್ಕಿಂತ ಹಿಂದೆ, ಮೂರು ಪಾಯಿಂಟ್ ಗೆರೆಯ ಆಚೆ. ಬಡಾವಣೆ ಟೂರ್ನಿಯಲ್ಲಿ ಇದನ್ನು ಯಾರು ನೋಡುತ್ತಾರೆ? ಈ ಹಿರಿಯರು ನೋಡಿದರು. ಬಾಸ್ಕೆಟ್ ಕೆಳಗೆ ಚೆಂಡನ್ನು ಸೊಂಟಕ್ಕೆ ಒತ್ತಿ ಹಿಡಿದು ನಿಲ್ಲುತ್ತಿದ್ದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡುತ್ತಿದ್ದರು. ಯಾರಾದರೂ ತಪ್ಪು ಜಾಗದಲ್ಲಿದ್ದರೆ ಬೈಗುಳವಿಲ್ಲ, "ಮಗಾ, ಒಂದು ಜಾಗ ಈಚೆ ಬಾ" ಅಷ್ಟೇ. ಎಲ್ಲ ಸರಿಯಾದ ಮೇಲೆ ಎರಡು ಬೆರಳು ತೋರಿಸಿ, ನೆಲಕ್ಕೆ ಒಂದು ಪುಟ ಹಾಕಿ ಚೆಂಡು ಕೊಡುತ್ತಿದ್ದರು. ಹೊಡೆಯುವವನ ಎದೆಗೆ ಸರಿಯಾಗಿ ಬರುತ್ತಿತ್ತು. ಆಮೇಲೆ ಅವರ ಕಣ್ಣು ಆಟಗಾರರ ಪಾದಗಳ ಮೇಲೆ.

ಕಿರಿಯವನು ಗೆರೆಯ ನೇರಕ್ಕೆ ನಿಂತು, ಹೊಡೆಯಲು ಇರುವ ಐದು ಸೆಕೆಂಡ್ ಎಣಿಸುತ್ತಿದ್ದ. ಮೊದಲ ಮ್ಯಾಚಿನಲ್ಲೇ ಒಬ್ಬ ಸಿಕ್ಕಿಬಿದ್ದ. ಏಳು ಸಲ ಚೆಂಡು ಕುಟ್ಟಿ, ಅಂಗೈ ಒರೆಸಿಕೊಂಡು, ಮೇಲೆ ನೋಡುವಷ್ಟರಲ್ಲಿ ಸೀಟಿ. "ಎನ್‌ಬಿಎಯಲ್ಲಿ ಹತ್ತು ಸೆಕೆಂಡ್ ಇದೆ ಸರ್" ಅಂತ ವಾದ. ಹೌದು, ಅಮೆರಿಕದ ಆ ವೃತ್ತಿಪರ ಲೀಗಿನಲ್ಲಿ ಇದೆ. 2021ರ ಪ್ಲೇಆಫ್‌ನಲ್ಲಿ, ಅಂದರೆ ಲೀಗಿನ ಕೊನೆಯ ಸುತ್ತುಗಳಲ್ಲಿ, ಅಲ್ಲಿನ ಸ್ಟಾರ್ ಆಟಗಾರ ಯಾನಿಸ್ ಆಂಟೆಟೊಕುಂಪೊ ಹೊಡೆಯಲು ನಿಂತರೆ ಎದುರು ಊರಿನ ಜನ ಒಂದು, ಎರಡು ಅಂತ ಕೂಗಿ ಎಣಿಸುತ್ತಿದ್ದರು. ನಾವು ಆಡುವುದು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ರೂಲ್ಸಿನಲ್ಲಿ, ಇಲ್ಲಿ ಐದೇ. ಆ ಹುಡುಗ ಎರಡನೇ ದಿನ ಮೂರೇ ಸಲ ಕುಟ್ಟಿ ಹೊಡೆದ. ಅದೃಷ್ಟಕ್ಕೆ ಜಾಸ್ತಿ ಬಿದ್ದವು!

ಫೈನಲ್‌ನಲ್ಲಿ ನಮ್ಮ ಟೀಮಿಗೇ ಪೆಟ್ಟು. ಎರಡರಲ್ಲಿ ಮೊದಲ ಫ್ರೀ ಥ್ರೋ ನಮ್ಮವನು ಹೊಡೆದ, ಸ್ವಿಷ್ ಅಂತ ಒಳಗೆ ಹೋಯಿತು. ಆದರೆ ಚೆಂಡು ಗಾಳಿಯಲ್ಲಿರುವಾಗಲೇ ಅವನ ಬಲಗಾಲು ಟೇಪ್ ತುಳಿದಿತ್ತು. ಕಿರಿಯವನು ಸೀಟಿ ಹೊಡೆದು ಪಾಯಿಂಟ್ ಕ್ಯಾನ್ಸಲ್ ಮಾಡಿದ. ಶಾಮಿಯಾನದಲ್ಲಿ ಗಲಾಟೆ. "ಡಿಫೆನ್ಸಿನವನೂ ಬೇಗ ಒಳಗೆ ಬಂದ, ಅವನಿಗೇನಿಲ್ವಾ?" ಅಂತ ನಮ್ಮ ಕೋಚ್ ಕೂಗಿದರು. ಹಿರಿಯರು ಹತ್ತಿರ ಬಂದು ತಣ್ಣಗೆ ಹೇಳಿದರು: "ಹೊಡೆದವನೇ ಗೆರೆ ತುಳಿದರೆ ಬಿದ್ದರೂ ಲೆಕ್ಕಕ್ಕಿಲ್ಲ ಸರ್, ಉಳಿದವರದು ಆಮೇಲಿನ ಮಾತು." ಕೋಚ್ ಇನ್ನೂ ಕೂಗಿದರು, ಕೆಟ್ಟ ನಡತೆಗೆ ಕೊಡುವ ಟೆಕ್ನಿಕಲ್ ಫೌಲ್ ಬಿತ್ತು. ಅದರ ಫ್ರೀ ಥ್ರೋಗೆ ಲೇನ್ ಪಕ್ಕ ಯಾರೂ ನಿಲ್ಲುವ ಹಾಗಿಲ್ಲ. ಎಲ್ಲರನ್ನೂ ಹಿಂದೆ ಕಳಿಸಿದರು, ಎದುರು ಟೀಮಿನ ಒಬ್ಬನೇ ಹುಡುಗ ಖಾಲಿ ಕೋರ್ಟಿನಲ್ಲಿ ಹೊಡೆದ. ನಾವು ಮೂರು ಪಾಯಿಂಟಿಂದ ಸೋತೆವು. ಟೇಪ್ ಮೇಲೆ ಶೂ ಗುರುತು ನಾನೇ ಹೋಗಿ ನೋಡಿದೆ, ಇತ್ತು.

ಕೊರತೆ ಅಂದರೆ ಕಿರಿಯವನ ಕೈಸನ್ನೆ. ಜೆರ್ಸಿ ನಂಬರ್ ತೋರಿಸುವಾಗ ಟೇಬಲ್ ಮುಂದೆ ನಿಲ್ಲುವುದೇ ಇಲ್ಲ, ಓಡುತ್ತಲೇ ತೋರಿಸುತ್ತಾನೆ. ಒಂದು ಮುಷ್ಟಿ, ನಾಲ್ಕು ಬೆರಳು ಅಂದರೆ 14. ನಾನು 15 ಅಂತ ಬರೆದುಕೊಂಡೆ. ಹೀಗೆ ಎರಡು ಸಲ ಆಟ ನಿಲ್ಲಿಸಿ ತಿದ್ದಬೇಕಾಯಿತು. ಹೇಳಿದ ಮೇಲೆ ಸುಧಾರಿಸಿದ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ 25 ನಿಮಿಷಕ್ಕೆ. ಕರೆಸುವವರು ಹಿಂದಿನ ರಾತ್ರಿ ಒಂದು ಫೋನ್ ಮಾಡಿ ನೆನಪಿಸಿ, ಮತ್ತೆ ಅಳೆಯೋ ಟೇಪ್ ನೀವೇ ತಂದಿಟ್ಟಿರಿ. ನಮ್ಮ ಇನ್ನೊಂದು ಕಡೆಯ ಬೋರ್ಡಿನ ಗೆರೆ ಅಳೆದಾಗ ಅದೂ ಕಡಿಮೆಯೇ ಇತ್ತು. ಸಂಕ್ರಾಂತಿ ಕಳೆದ ಮೇಲೆ ಎರಡಕ್ಕೂ ಪೇಂಟ್ ಹೊಡೆಸುತ್ತೇವೆ.